ಪ್ರಾರ್ಥನೆಯ ಹೊತ್ತಿಗೆ ಬಾರದ ಮಕ್ಕಳು

ಆ ಮುಖ್ಯ ಶಿಕ್ಷಕಿಯ ಫೋನು ಬಂದಾಗ ನಾನು ಹೊಸದುರ್ಗದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬೆಳಗಿನ ತಿಂಡಿಯ ಡಬ್ಬಿ ಬಿಚ್ಚಿದ್ದೆ. ಆ ದಿನಗಳಲ್ಲಿ ನನ್ನ ಊಟ ತಿಂಡಿ ಹೆಚ್ಚಾಗಿ ಬಸ್ ನಿಲ್ದಾಣಗಳಲ್ಲೇ ಆಗುತ್ತಿತ್ತು. ನನ್ನ ಹುದ್ದೆಯ ಹೆಸರು ಸಂಪನ್ಮೂಲ ವ್ಯಕ್ತಿ. ಹೆಸರು ದೊಡ್ಡದು, ಕೆಲಸ ಇಷ್ಟೇ: ಮತ್ತೋಡು ಸುತ್ತಿನ ಸರ್ಕಾರಿ ಶಾಲೆಗಳಿಗೆ ಹೋಗುವುದು, ಅಲ್ಲಿನ ಮುಖ್ಯ ಶಿಕ್ಷಕರ ಪಕ್ಕ ಕೂರುವುದು, ಅವರಿಗೆ ಬೇಕಾದ ಕೈಪಿಡಿ, ಚಾರ್ಟು, ತರಬೇತಿ ಒದಗಿಸುವುದು, ಕೊನೆಗೆ ಅವರ ಗೋಳನ್ನೂ ಕೇಳಿಸಿಕೊಂಡು ಬರುವುದು. ಈ ಕೆಲಸಕ್ಕೆ ಬಂದ ದಿನದಿಂದ ನಾನು ಶಿಕ್ಷಕರ ಕಣ್ಣಿಗೆ ಆಫೀಸಿನವಳಾದೆ; ಆಫೀಸಿನವರ ಕಣ್ಣಿಗೆ ಮಾತ್ರ ಇನ್ನೂ ಮೇಷ್ಟ್ರಮ್ಮನೇ. ಅತ್ತ ಮನೆಯವಳೂ ಅಲ್ಲ, ಇತ್ತ ನೆಂಟಳೂ ಅಲ್ಲ. ಗೇಟು ದಾಟಿ ಒಳಗೆ ಕಾಲಿಟ್ಟರೆ ಸಾಕು, ಸ್ಟಾಫ್ ರೂಮಿನಲ್ಲಿ ಕೇಳುತ್ತಿದ್ದ ನಗು ಗಪ್ಪನೆ ನಿಲ್ಲುತ್ತಿತ್ತು. ನಾನು ಕೂಡ ಹಿಂದೆ ಅದೇ ಥರ ನಗುತ್ತಾ ಕೂತವಳೇ ಅಂತ ಯಾರಿಗೆ ಹೇಳಲಿ?

"ಮೇಡಂ, ಒಂದ್ಸಲ ಬರ್ತೀರಾ? ನನ್ನ ಏಳನೇ ಕ್ಲಾಸಿನ ಹುಡುಗಿ ಶಾಲೆ ಬಿಡ್ತಿದ್ದಾಳೆ" ಅಂದರು ಆಕೆ.

ನಮ್ಮ ಹುಡುಗಿ ಅನ್ನಲಿಲ್ಲ, ಶಾಲೆಯ ಹುಡುಗಿ ಅನ್ನಲಿಲ್ಲ. ನನ್ನ ಹುಡುಗಿ ಅಂದರು. ಅದಕ್ಕೇ ಡಬ್ಬಿ ಮುಚ್ಚಿ ಎದ್ದೆ.

ಈ ಮುಖ್ಯ ಶಿಕ್ಷಕಿ ಮೈಸೂರು ಕಡೆಯವರು. ಬಡ್ತಿ ಸಿಕ್ಕಿ ಆ ವರ್ಷದ ಜೂನಿನಲ್ಲಿ ಬಂದಿದ್ದರು. ಹೊಸದುರ್ಗದಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬರೇ ಇದ್ದರು, ಸ್ಕೂಟರಿನಲ್ಲಿ ಶಾಲೆಗೆ ಬಂದುಹೋಗುತ್ತಿದ್ದರು. ಬಂದ ಹೊಸದರಲ್ಲೇ ತಡವಾಗಿ ಬರುವ ಶಿಕ್ಷಕರಿಗೆ ಎಲ್ಲರೆದುರೇ ಗಡಿಯಾರ ತೋರಿಸಿದ್ದರಂತೆ. ಅಷ್ಟಕ್ಕೇ ಇಬ್ಬರು ಸಹಶಿಕ್ಷಕರೂ ಅವರ ಜೊತೆ ಮಾತು ಬಿಟ್ಟಿದ್ದರು. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ. ನಮ್ಮ ಕಡೆಯವರಿಗೆ ಜಗಳ ಆಡಲಿಕ್ಕೆ ಬರುತ್ತದೆ ಅಂತ ಹೊರಗಿನವರು ಹೆದರುತ್ತಾರೆ. ನಾವು ನಿಜವಾಗಿ ಹೆದರಿಸುವುದು ಸುಮ್ಮನಿದ್ದು.

ನನ್ನ ಬಸ್ಸು ಆ ಊರಿಗೆ ಮುಟ್ಟುವುದು ಹನ್ನೊಂದರ ಮೇಲೆ. ಎಂದಿನಂತೆ ಹೋದೆ, ಎಂದಿನ ಕ್ರಮದಲ್ಲೇ ಕೆಲಸ ಮಾಡಿದೆ: ಮೊದಲು ತರಗತಿಗಳಲ್ಲಿ ಹಿಂದೆ ಕೂತು ನೋಡುವುದು, ಆಮೇಲೆ ಮಕ್ಕಳ ಜೊತೆ ಮಾತು, ಆಮೇಲೆ ಶಿಕ್ಷಕರು, ಕೊನೆಗೆ ಮುಖ್ಯ ಶಿಕ್ಷಕರು. ಶಾಲೆ ಚೊಕ್ಕಟವಾಗಿತ್ತು. ಕಪ್ಪುಹಲಗೆ, ಕೈತೋಟ, ಕೈ ತೊಳೆಯುವ ನಲ್ಲಿ, ಎಲ್ಲ. ಬಹಳಷ್ಟು ಮಕ್ಕಳ ಎದೆಯ ಮೇಲೆ ಬಂಗಾರದ ಬಣ್ಣದ ಕಾಗದದ ನಕ್ಷತ್ರ ಅಂಟಿಸಿತ್ತು. ಏನಿದು ಅಂತ ಕೇಳಿದರೆ "ಕ್ಲೀನಾಗಿ ಬಂದೋರಿಗೆ ಮಿಸ್ಸು ಕೊಡ್ತಾರ್ರಿ" ಅಂತ ಎದೆ ಉಬ್ಬಿಸಿ ಹೇಳಿದವು.

ತೊಂದರೆ ಇದ್ದದ್ದು ಹಟ್ಟಿಯ ಮಕ್ಕಳದು. ಊರಿನ ಆಚೆ, ದಿಬ್ಬದ ಮೇಲೆ ಕುರಿಗಾರರ ಹಟ್ಟಿ. ಅಲ್ಲಿನ ಮಕ್ಕಳು ಕೆಲವು ತಿಂಗಳಿಂದ ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದರು. ಮುಖ್ಯ ಶಿಕ್ಷಕಿ ಬುದ್ಧಿ ಹೇಳಿದರು, ಗದರಿದರು, ಗೇಟು ಹಾಕಿಸಿ ನೋಡಿದರು. ಗೇಟು ಹಾಕಿದ ದಿನ ಅವು ಹಾಗೇ ವಾಪಸ್ಸು ಹೋದವು. ಏಳನೇ ತರಗತಿಯ ಹುಡುಗಿಯಂತೂ ಬರುವುದನ್ನೇ ಬಿಟ್ಟಳು. ಇಡೀ ಶಾಲೆಯಲ್ಲಿ ಲೆಕ್ಕದಲ್ಲಿ ಅವಳೇ ಮುಂದು. ಸಂಕ್ರಾಂತಿ ಕಳೆದರೆ ಹಟ್ಟಿಯ ಕುರಿಮಂದೆಗಳು ಮೇವು ಹುಡುಕಿಕೊಂಡು ಭದ್ರೆಯ ನೀರಾವರಿ ಬಯಲಿಗೆ ಹೊರಡುತ್ತವೆ. ಈ ಸಲ ಮಂದೆಯವರಿಗೆ ಅಡುಗೆ ಮಾಡಿಹಾಕಲಿಕ್ಕೆ ಅವಳನ್ನೂ ಕರೆದೊಯ್ಯುವ ಮಾತಾಗಿದೆಯಂತೆ. ಏಳು ಮುಗಿಸಿದರೆ ಮತ್ತೋಡಿನ ಹೈಸ್ಕೂಲು. ಒಮ್ಮೆ ಮಂದೆಯ ಹಿಂದೆ ಹೋದರೆ ಮೂರು ಕಲ್ಲಿನ ಒಲೆ, ಆಮೇಲೆ ಮದುವೆ. ಅದು ನಮಗಿಬ್ಬರಿಗೂ ಗೊತ್ತಿತ್ತು.

"ನಾನೇನು ಕಮ್ಮಿ ಮಾಡಿದೀನಿ ಹೇಳಿ ಮೇಡಂ" ಅಂದರು ಮುಖ್ಯ ಶಿಕ್ಷಕಿ. ಊಟದ ಹೊತ್ತು. ಅವರು ತಮ್ಮ ಕೋಣೆಯಲ್ಲಿ ಒಬ್ಬರೇ ಕೂತು ಊಟ ಮಾಡುತ್ತಿದ್ದರು. ಆಚೆ ಬದಿಯಲ್ಲಿ ಆ ಇಬ್ಬರು ಶಿಕ್ಷಕರು ಪಿಸಪಿಸ ಮಾತಾಡಿಕೊಂಡು ಉಣ್ಣುತ್ತಿದ್ದರು. ನಡುವೆ ಗೋಡೆ ಕೂಡ ಇಲ್ಲ, ಒಂದು ಬೀರು ಅಡ್ಡ. "ಮನೇಲಿ ಮಾತಾಡೋಕೆ ಜನ ಇಲ್ಲ. ಇಲ್ಲಿ ಜನ ಇದ್ದಾರೆ, ಮಾತೇ ಇಲ್ಲ. ಒಂದೊಂದು ದಿನ ರಜೆ ಬಂದರೆ ನನ್ನ ದನಿ ಹೇಗಿದೆ ಅಂತಾನೇ ಮರೆತುಹೋಗುತ್ತೆ."

ನನಗೂ ಹಾಗೇ ಆಗುತ್ತಿತ್ತು. ಆದರೆ ಹೇಳಲಿಲ್ಲ. ಬೆಂಬಲ ಕೊಡಲು ಬಂದವಳು ತನ್ನ ಕಥೆ ಶುರು ಮಾಡಬಾರದು ಅಂತ ನಮ್ಮ ಕೈಪಿಡಿಯಲ್ಲೇ ಇದೆ.

ಆ ದಿನ ಮಧ್ಯಾಹ್ನ ಒಬ್ಬಳೇ ಹಟ್ಟಿಗೆ ಹತ್ತಿಹೋದೆ. ಕುರಿ ರೊಪ್ಪದ ಪಕ್ಕ ಹುಡುಗಿಯ ಅಜ್ಜಿ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು.

"ಬರ್ರಿ ಮೇಡಮ್ಮಾರೆ, ಕುಂತ್ಕಳ್ರಿ. ಹುಡುಗಿ ಇಲ್ಲ, ಕುರಿ ಹಿಂದ್ಲೆ ಹೋಗೈತೆ."

"ಯಾಕವ್ವ ಸ್ಕೂಲ್ ಬಿಡ್ಸಿದ್ರಿ?"

"ನಾವೆಲ್ಲಿ ಬಿಡ್ಸಿದ್ವಿ? ಅದೇ ಒಲ್ಲೆ ಅಂತು. ಮನೇಲಿ ಕುಂತು ಏನ್ ಮಾಡ್ತೈತೆ, ಕುರಿ ಜತಿಗೆ ಬರ್ಲಿ ಅಂದ ಅವರಪ್ಪ. ಅದಕ್ಕೆ ಮನ್ಸಿದ್ರೆ ಈಗ್ಲೂ ಕಳಿಸ್ತೀವಿ, ನಮ್ದೇನೈತೆ?"

"ಯಾಕೆ ಒಲ್ಲೆ ಅಂತಾಳೆ?"

"ಕೇಳಿದ್ರೆ ಬಾಯೇ ಬಿಡಲ್ಲ ತಾಯಿ" ಅಂದಳು ಅಜ್ಜಿ.

ಬರಿಗೈಲಿ ವಾಪಸ್ಸು ಬಂದೆ. ಬಸ್ಸಿನಲ್ಲಿ ಕೂತು ಯೋಚಿಸಿದೆ. ಇಡೀ ಶಾಲೆಯನ್ನು ನೋಡಿದೆ ಅಂದುಕೊಂಡಿದ್ದೇನೆ, ಆದರೆ ಮಕ್ಕಳು ತಪ್ಪಿಸಿಕೊಳ್ಳುತ್ತಿರುವ ಹೊತ್ತನ್ನೇ ನೋಡಿಲ್ಲ. ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾದ ಮೇಲೆ ನನ್ನ ಬಸ್ಸು ಬರುತ್ತದೆ. ಯಾವ ಸಲ ಹೋದರೂ ಅಷ್ಟೇ. ಬಸ್ಸಿನ ವೇಳೆಗೆ ಶಾಲೆ ನೋಡಿದರೆ ಬಸ್ಸಿನವಳಿಗೆ ಕಂಡಷ್ಟೇ ಶಾಲೆ. ಮುಂದಿನ ವಾರ ಮತ್ತೋಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ಬೆಳಿಗ್ಗೆ ಹಾಲಿನ ಆಟೋ ಹತ್ತಿ ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿ ನನಗಿಂತ ಮೊದಲೇ ಬಂದು ಅಂಗಳ ಗುಡಿಸುತ್ತಿದ್ದರು.

ಪ್ರಾರ್ಥನೆ ಆಯಿತು. ಒಬ್ಬಳು ಪೇಪರು ಓದಿದಳು, ಒಬ್ಬ ಗಾದೆ ಹೇಳಿದ. ಆಮೇಲೆ ಶುಚಿತ್ವ ನೋಡುವ ಕಾರ್ಯಕ್ರಮ. ಮುಖ್ಯ ಶಿಕ್ಷಕಿ ಸಾಲಿನ ಉದ್ದಕ್ಕೂ ಬಂದರು. ಉಗುರು ತೋರಿಸಬೇಕು, ತಲೆ ಬಗ್ಗಿಸಬೇಕು, ಆಮೇಲೆ "ಈ" ಅಂತ ಹಲ್ಲು ಬಿಡಬೇಕು. ಮೂರೂ ಸರಿಯಿದ್ದರೆ ಎದೆಗೆ ನಕ್ಷತ್ರ. ಊರಿನ ಮಕ್ಕಳಿಗೆ ಸಿಗುತ್ತಾ ಬಂತು. ಆ ದಿನ ಹಟ್ಟಿಯಿಂದ ಬಂದಿದ್ದವರು ಇಬ್ಬರೇ, ಒಂದನೇ ಎರಡನೇ ತರಗತಿಯ ಚಿಕ್ಕವು. ತಪ್ಪಿಸಿಕೊಳ್ಳಲಿಕ್ಕೆ ಇನ್ನೂ ತಿಳಿಯದವು. ಉಗುರು ಸರಿ, ತಲೆ ಸರಿ. ಬಾಯಿ ತೆರೆದವು. ಹಲ್ಲಿನ ಮೇಲೆ ಕಂದು ಪಟ್ಟೆ, ಹಳದಿ ಮಚ್ಚೆ. ಒಂದರ ಒಸಡಿನ ಅಂಚಿನಲ್ಲಿ ರಕ್ತ ಜಿನುಗಿತ್ತು.

ಮುಖ್ಯ ಶಿಕ್ಷಕಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಮೊಣಕಾಲೂರಿ ಕೂತು, ಗಲ್ಲ ಹಿಡಿದು, ಬೆಣ್ಣೆಯಂಥ ದನಿಯಲ್ಲಿ "ಇನ್ನೂ ಚೆನ್ನಾಗಿ ತಿಕ್ಕಬೇಕು ಪುಟ್ಟ. ನಾಳೆ ಬೆಳ್ಳಗೆ ತಿಕ್ಕಿಕೊಂಡು ಬಾ, ನಿನಗೂ ಸ್ಟಾರ್ ಕೊಡ್ತೀನಿ, ಆಯ್ತಾ?" ಅಂದರು. ಮಗು ಗೋಣು ಹಾಕಿತು.

ಅಯ್ಯೋ ನನ್ನ ತಾಯಿ, ಅಂದುಕೊಂಡೆ. ಅದು ಕೊಳೆಯಲ್ಲ. ತಿಕ್ಕಿದರೆ ಹೋಗುವಂಥದ್ದೂ ಅಲ್ಲ. ಆಳದ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡು ಅದು. ಹಲ್ಲು ಒಸಡಿನೊಳಗೆ ಹುಟ್ಟುತ್ತಿರುವಾಗಲೇ ಸೇರಿಕೊಂಡು, ಹಲ್ಲಿನ ಜೊತೆಗೇ ಬೆಳೆದು ಹೊರಬರುತ್ತದೆ. ನನಗೆ ಹೇಗೆ ಗೊತ್ತು ಅಂದರೆ, ನನ್ನ ಬಾಯಿಯಲ್ಲೂ ಅದೇ ಇದೆ. ನಾನು ಹುಟ್ಟಿ ಬೆಳೆದದ್ದು ಹಿರಿಯೂರಿನ ಯಲ್ಲದಕೆರೆ ಕಡೆ. ನಮ್ಮ ಕೇರಿಯ ಹೆಣ್ಣುಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುವವರು. ಹೊರಗಿನಿಂದ ಬಂದವರು ಅದನ್ನು ಕಂಡು ಎಂಥಾ ನಾಚಿಕೆ, ಎಂಥಾ ಸಂಸ್ಕಾರ ಅಂತ ಹೊಗಳುತ್ತಿದ್ದರು. ನಾನು ತರಬೇತಿ ಕೊಡುವಾಗಲೂ ತುಟಿ ಹೆಚ್ಚು ಬಿಡದೆ ಮಾತಾಡುವುದನ್ನು ರೂಢಿ ಮಾಡಿಕೊಂಡವಳು. ಫೋಟೋಗೆ ನಿಂತರೆ ಹಿಂದಿನ ಸಾಲು.

ಆ ಕ್ಷಣದಲ್ಲೇ ಕೂಗಿಬಿಡಬೇಕು ಅನ್ನಿಸಿತು. ಆದರೆ ನಮ್ಮ ಕೆಲಸಕ್ಕೆ ಒಂದು ನಿಯಮವಿದೆ: ಮುಖ್ಯ ಶಿಕ್ಷಕರನ್ನು ಮಕ್ಕಳ ಎದುರು, ಶಿಕ್ಷಕರ ಎದುರು ತಿದ್ದಬಾರದು. ಒಮ್ಮೆ ಅವರ ಮುಖ ಬಿದ್ದರೆ ಆ ಶಾಲೆಯನ್ನು ನಾವು ಬಂದು ನಡೆಸುತ್ತೇವೆಯೇ? ಅವರೇ ನಡೆಸಬೇಕು. ಅದಕ್ಕೆ ಹಲ್ಲು ಕಚ್ಚಿಕೊಂಡು ನಿಂತೆ.

ಮೊದಲು ಹಳೆಯ ಸಹಶಿಕ್ಷಕರನ್ನು ಹಿಡಿದೆ. ಈ ಮೇಷ್ಟ್ರು ಹೊಳಲ್ಕೆರೆಯ ಬಿ.ದುರ್ಗದ ಕಡೆಯವರು, ಇಲ್ಲಿಗೆ ಬಂದು ಕಾಲವಾಗಿತ್ತು. ಪಾಠಕ್ಕಿಂತ ಬಸ್ಸಿನ ಕಡೆ ಹೆಚ್ಚು ಗಮನ.

"ಮೇಷ್ಟ್ರೇ, ಹಟ್ಟಿ ಮಕ್ಕಳ ಹಲ್ಲು ಯಾಕೆ ಹಂಗೈತೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನ್ರಿ? ನೀರಿನ್ ದೋಷ. ಊರಿಗೆ ಯಾವತ್ತೋ ಹೊಳೆ ನೀರಿನ ಪೈಪ್ ಬಂತು, ಹಟ್ಟಿ ಎತ್ತರದಾಗೈತೆ, ಅಲ್ಲಿಗೆ ಹತ್ತಲಿಲ್ಲ. ಅವರಿಗೆ ಬೋರೇ ಗತಿ."

"ಮತ್ತೆ ಹೆಡ್ ಮೇಡಮ್ಮಿಗೆ ಯಾಕೆ ಹೇಳಲಿಲ್ಲ?"

"ಅವ್ರು ಕೇಳಿದ್ರಾ? ಕೇಳ್ದೆ ಹೇಳಾಕೆ ನಾವೇನು ಶಾಸ್ತ್ರ ಹೇಳೋರೇನ್ರಿ? ಅವರಿಗೆ ಎಲ್ಲಾ ಗೊತ್ತೈತಲ್ಲ, ಗಡಿಯಾರ ನೋಡಾಕೆ ಬರ್ತೈತಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. "ಅವರ ಮೇಲಿನ ಸೇಡಿಗೆ ಕಂಡೋರ ಮಕ್ಕಳ ಒಸಡು ಕಿತ್ತುಬರ್ತಾ ಐತಲ್ಲ ಮೇಷ್ಟ್ರೇ! ಹೆರವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂದ್ರೆ ಇದೇ ಅಲ್ವಾ?" ಅಂದೆ. ಅವರು ಕಿಟಕಿಯ ಕಡೆ ತಿರುಗಿದರು. ಒಸಡಿನ ವಿಷಯ ಅವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಊಟದ ಹೊತ್ತಿನಲ್ಲಿ ಮುಖ್ಯ ಶಿಕ್ಷಕಿಯನ್ನು ಕೈತೋಟದ ಹಿಂದೆ ಕರೆದುಕೊಂಡು ಹೋದೆ. ಹೇಗೆ ಹೇಳುವುದು ಅಂತ ಬೆಳಗಿನಿಂದ ಮಾತು ಜೋಡಿಸಿದ್ದೆ, ಎಲ್ಲ ಕೈಕೊಟ್ಟಿತು. "ಮೇಡಂ, ಆ ಮಕ್ಕಳ ಹಲ್ಲಿಗೆ ಕೊಳೆ ಹತ್ತಿಲ್ಲ, ನೀರಿನದು ಅದು" ಅಂದೆ. ಅವರು ನಂಬಲಿಲ್ಲ. "ನೀರಿಂದ ಹಲ್ಲು ಹೀಗಾಗುತ್ತಾ? ಸರಿಯಾಗಿ ತಿಕ್ಕಿದರೆ ಯಾಕೆ ಹೋಗಲ್ಲ?" ಅಂದರು.

ಆಗ ತುಟಿ ಮೇಲೆತ್ತಿ ತೋರಿಸಿದೆ. ಬೇಕೆಂದೇ ಒಬ್ಬರಿಗೆ ತೋರಿಸಿದ್ದು ಅದೇ ಮೊದಲು.

ಅವರು ನೋಡಿದರು. ಆಮೇಲೆ ಬಹಳ ಮೆತ್ತಗೆ, "ನಾನು… ನೀವು ಎಲೆಅಡಿಕೆ ಹಾಕ್ತೀರಿ ಅಂದ್ಕೊಂಡಿದ್ದೆ" ಅಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ತಿಂಗಳು ನನ್ನ ಎದುರು ಕೂತು ಕಷ್ಟ ಹೇಳಿಕೊಂಡ ಹೆಂಗಸು, ಒಳಗೊಳಗೇ ನನ್ನನ್ನು ಬಾಯಿ ತೊಳೆಯದವಳು ಅಂತ ಎಣಿಸಿದ್ದರು. "ಎಲೆ ಹಾಕೋದಿದ್ರೆ ನಿಮಗೂ ಒಂದು ಮಡಿಸಿ ಕೊಡ್ತಿದ್ದೆ ತಾಯಿ" ಅಂದೆ ಒರಟಾಗಿ. "ಬೇವಿನ ಕಡ್ಡಿ, ಬೂದಿ, ಉಪ್ಪು, ಪೇಸ್ಟು, ನಾನು ಹಚ್ಚದೇ ಇರೋದು ಯಾವುದೂ ಇಲ್ಲ. ಆ ಕೂಸಿನ ಒಸಡಲ್ಲಿ ರಕ್ತ ನೋಡಿದ್ರಲ್ಲ? ನಿಮ್ಮ ಸ್ಟಾರಿಗೋಸ್ಕರ ಅದು ಏನು ಹಾಕಿ ತಿಕ್ಕೊಂಡು ಬಂದೈತೆ ಅಂತ ಕೇಳಿದ್ರಾ?"

ಆಕೆಯ ಮುಖ ಬಿಳಿಚಿಕೊಂಡಿತು. ಅವರ ಕೋಣೆಯಲ್ಲಿ ಒಂದು ನೀರಿನ ಕ್ಯಾನು ಇತ್ತು. ಹೊಸದುರ್ಗದಿಂದ ಬಸ್ಸಿನಲ್ಲಿ ತರಿಸಿಕೊಳ್ಳುತ್ತಿದ್ದರು. ನಮ್ಮ ಶಾಲೆಗಳಲ್ಲಿ ದೂರದಿಂದ ಬರುವ ಶಿಕ್ಷಕರೆಲ್ಲ ಹಾಗೇ. ಅದನ್ನು ನೆನೆದರೋ ಏನೋ, "ನಾನು ಕುಡಿಯೋ ನೀರು ಬೇರೆ" ಅಂದರು ತಮಗೆ ತಾವೇ. ಆಮೇಲೆ ಅಳು ಬಂತು. ಚಾರ್ಜು ಬಿಟ್ಟುಬಿಡುತ್ತೇನೆ, ಬಡ್ತಿಯೂ ಬೇಡ, ಮೈಸೂರಿಗೆ ಹೋಗಿ ಸಹಶಿಕ್ಷಕಿಯಾಗಿಯೇ ಇರುತ್ತೇನೆ ಅಂದರು.

"ಬಿಟ್ಟು ಯಾರ ಕೈಗೆ ಕೊಡ್ತೀರಿ? ಆ ಬಸ್ಸಿನ ಮೇಷ್ಟ್ರ ಕೈಗಾ?" ಅಂದೆ.

ಅಳುತ್ತಲೇ ಒಂದು ಸಲ ನಕ್ಕರು. ನಾನು ಸಮಾಧಾನ ಹೇಳಲಿಲ್ಲ; ನನಗೆ ಇನ್ನೂ ಉರಿಯುತ್ತಿತ್ತು. ಆದರೆ ಎದ್ದೂ ಹೋಗಲಿಲ್ಲ. ಬಸ್ಸು ಬಂದು ಹಾರ್ನ್ ಹಾಕಿ ಹೋದದ್ದು ಕೇಳಿಸಿತು. ಕೂತೇ ಇದ್ದೆ.

ಆ ಸಂಜೆ ಇಬ್ಬರೂ ಯೋಚಿಸಿದ್ದು ಒಂದೇ, ಸರಿಮಾಡುವುದು ಹೇಗೆ. ಮರುದಿನ ಪ್ರಾರ್ಥನೆಯಲ್ಲಿ ಹಟ್ಟಿಯ ಮಕ್ಕಳನ್ನು ಮುಂದೆ ಕರೆದು ಎಲ್ಲರೆದುರು ಕ್ಷಮೆ ಕೇಳುತ್ತೇನೆ ಅಂದರು ಅವರು. ಬೇಡ ಅಂದೆ. ಹಾಗೆ ಮಾಡಿದರೆ ಅವು ಮತ್ತೆ ಬೇರೆ ಸಾಲಿನಲ್ಲಿ ನಿಂತಂತೆ. ನಿಮ್ಮ ಮನಸ್ಸು ಹಗುರಾಗುತ್ತದೆ, ಅವುಗಳ ಹಲ್ಲಿನ ಮೇಲೆ ಇಡೀ ಶಾಲೆಯ ಕಣ್ಣು ಬೀಳುತ್ತದೆ. ನಕ್ಷತ್ರ ನಿಲ್ಲಿಸಿ, ಯಾಕೆ ಅಂತ ಹೇಳಬೇಡಿ. ಆಮೇಲೆ ಎಲ್ಲ ತರಗತಿಗಳಿಗೂ ವಿಜ್ಞಾನದ ಪಾಠದಂತೆಯೇ ನೀರಿನ ಪಾಠ ಮಾಡಿ. ಅವರು ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು: ಆ ಹುಡುಗಿಯ ಹತ್ತಿರ ಮಾತ್ರ ನಾನೇ ಹೋಗಿ ಕೇಳುತ್ತೇನೆ, ಅದನ್ನು ತಡೆಯಬೇಡಿ. ನಾನು ಆಗಲಿ ಅಂದೆ.

ತಾಲ್ಲೂಕು ಕೇಂದ್ರದ ಬೀರುವಿನ ತಳದಲ್ಲಿ ಫ್ಲೋರೈಡಿನ ಮೇಲಿನ ಚಾರ್ಟೊಂದು ಸುತ್ತಿದ ಹಾಗೇ ಬಿದ್ದಿತ್ತು. ದೂಳು ಕೊಡವಿ ತಂದುಕೊಟ್ಟೆ. ಪಾಠವನ್ನು ಮುಖ್ಯ ಶಿಕ್ಷಕಿಯೇ ಮಾಡಿದರು. ಆ ಹಳೆಯ ಮೇಷ್ಟ್ರನ್ನು ಅವರಾಗಿಯೇ ಕರೆದು, "ಈ ಕಡೆಯ ನೀರಿನ ವಿಷಯ ನನಗಿಂತ ನಿಮಗೆ ಗೊತ್ತು, ನೀವೂ ಬನ್ನಿ ಸರ್" ಅಂದರು. ಮೇಷ್ಟ್ರು ಒಮ್ಮೆ ನನ್ನ ಕಡೆ ನೋಡಿ, ಸೀಮೆಸುಣ್ಣ ತೆಗೆದುಕೊಂಡು ಹೋದರು. ಅವರ ನಡುವೆ ಸ್ನೇಹವೇನೂ ಆಗಲಿಲ್ಲ, ಮಾತಾಯಿತು, ಅಷ್ಟೇ. ಊರಿನಲ್ಲಿ ಶುದ್ಧ ನೀರಿನ ಘಟಕವಿತ್ತು. ಅಲ್ಲಿಂದ ಶಾಲೆಗೆ ದಿನಾ ನೀರು ತರಿಸಿ, ಮನೆಗೆ ಹೋಗುವಾಗ ಹಟ್ಟಿಯ ಮಕ್ಕಳು ಬಾಟಲಿ ತುಂಬಿಕೊಳ್ಳುವಂತೆ ಮಾಡಿದರು. ಹಟ್ಟಿಗೆ ಪೈಪು ಹತ್ತಿಸಿ ಅಂತ ಪಂಚಾಯ್ತಿಗೂ ಹೋದೆವು. "ನೋಡಾಣ ಮೇಡಂ, ಮುಂದಿನ ಮೀಟಿಂಗ್‌ನಾಗೆ ಇಡಾಣ" ಅಂದರು ಅಲ್ಲಿನ ಸದಸ್ಯರು. ನಾನು ಆ ಕಡೆಯ ಕೆಲಸ ಬಿಡುವವರೆಗೂ ಅದನ್ನೇ ಅನ್ನುತ್ತಿದ್ದರು.

ಹಟ್ಟಿಯ ಚಿಕ್ಕ ಮಕ್ಕಳು ಒಂದೊಂದಾಗಿ ಪ್ರಾರ್ಥನೆಗೆ ಬರತೊಡಗಿದವು. ಹುಡುಗಿ ಬರಲಿಲ್ಲ. ಎದುರು ಹೋಗಿ ನಿಲ್ಲಲು ಧೈರ್ಯ ಸಾಲದೆ ಮುಖ್ಯ ಶಿಕ್ಷಕಿ ಚಿಕ್ಕವರ ಕೈಲಿ ಹೇಳಿಕಳಿಸಿದರು, ಆದರೂ ಬರಲಿಲ್ಲ. ಸಂಕ್ರಾಂತಿ ಕಳೆಯಿತು. ಮಂದೆ ಹೊರಡುವ ದಿನ ಗೊತ್ತಾಗಿದೆ ಅಂತ ಸುದ್ದಿ ಬಂದಾಗ ಮುಖ್ಯ ಶಿಕ್ಷಕಿ ಫೋನ್ ಮಾಡಿ, "ಇವತ್ತು ಶಾಲೆ ಬಿಟ್ಟ ಕೂಡಲೇ ಹೋಗೋಣ. ನೀವು ಬರಲೇಬೇಕು" ಅಂದರು.

ಹಟ್ಟಿಯಲ್ಲಿ ಹೊರಡುವ ಗಡಿಬಿಡಿ. ರಾತ್ರಿ ಕುರಿ ಕೂಡುವ ಬಲೆ ಸುತ್ತುತ್ತಿದ್ದರು, ಕುರಿಗಳಿಗೆ ಗುರುತಿನ ಬಣ್ಣ ಹಚ್ಚುತ್ತಿದ್ದರು. ಅಜ್ಜಿ ನೀರಿನ ಚೊಂಬು ಹಿಡಿದು ಬಂದವಳು ಅರ್ಧದಲ್ಲೇ ನಿಂತಳು. "ನಮ್ ನೀರು ನಿಮ್ಗೆ ಆಗಲ್ವಂತೆ. ತಡೀರಿ, ಮಜ್ಜಿಗೆ ತರ್ತೀನಿ" ಅಂದಳು. ಮಜ್ಜಿಗೆಗೆ ಬೆರೆಸುವುದೂ ಅದೇ ನೀರು ಅಂತ ಹೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ. ಇಬ್ಬರೂ ಕುಡಿದೆವು.

ಹುಡುಗಿ ಬಚ್ಚಲ ಕಲ್ಲಿನ ಹತ್ತಿರ ಪಾತ್ರೆ ಬೆಳಗುತ್ತಿದ್ದಳು. ವೇಲನ್ನು ಮೂಗಿನವರೆಗೂ ಸುತ್ತಿಕೊಂಡಿದ್ದಳು. ಕಲ್ಲಿನ ಅಂಚಿನಲ್ಲಿ ಕುಟ್ಟಿದ ಹೆಂಚಿನ ಕೆಂಪು ಪುಡಿ.

"ಪಾತ್ರೆಗಲ್ಲ ಅದು" ಅಂದಳು ಅಜ್ಜಿ. "ಹಲ್ಲಿಗೆ. ದಿನಾ ತಿಕ್ಕಿದ್ದೇ ತಿಕ್ಕಿದ್ದು. ಬೆಳ್ಳಗಾದ್ ಮ್ಯಾಲೆ ಹೋಗ್ತೀನಿ ಅಂತೈತೆ. ಬ್ಯಾಡ ಕಣೇ ಅಂದ್ರೆ ಕೇಳಲ್ಲ."

ಮುಖ್ಯ ಶಿಕ್ಷಕಿ ಏನೋ ಹೇಳಲು ಹೋಗಿ ತೊದಲಿದರು. ನಾನು ಹುಡುಗಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, "ಏಯ್, ಇಲ್ನೋಡು" ಅಂದು ಬಾಯಿ ತೆರೆದೆ. ಅಂಗಳದಲ್ಲಿ ಬಲೆ ಸುತ್ತುತ್ತಿದ್ದ ಗಂಡಸರಿಗೂ ಕಾಣುವ ಹಾಗೆ. ನನ್ನ ಕಿವಿ ಬಿಸಿಯಾಯಿತು, ಸುಳ್ಳೇಕೆ ಹೇಳಲಿ.

ಅವಳು ಬಹಳ ಹತ್ತಿರ ಬಂದು, ಲೆಕ್ಕ ತಾಳೆ ನೋಡುವವಳ ಹಾಗೆ ಒಂದೊಂದೇ ಹಲ್ಲು ನೋಡಿದಳು.

"ನಿಮಗೂ ಐತಲ್ಲ."

"ಐತೆ. ನಿಂದೇ ತರ. ನೀರಿಂದು ಕಣವ್ವ ಇದು, ಕೊಳೆ ಅಲ್ಲ. ನಿನ್ ತಪ್ಪೇನೂ ಇಲ್ಲ."

ನಾನು ಸಮಾಧಾನ ಮಾಡಲು ಬಂದವಳು. ಅವಳು ಕೇಳಿಸಿಕೊಂಡದ್ದು ಬೇರೆ.

"ಹಂಗಾರೆ ಇದು ಹೋಗಲ್ವಾ?" ಅಂದಳು.

ಆಗ ನನಗೆ ತಿಳಿಯಿತು. ಅವಳು ಶಾಲೆ ಬಿಟ್ಟಿರಲಿಲ್ಲ. ಬೆಳ್ಳಗಾದ ದಿನ ಹೋಗಿ ಸಾಲಿನಲ್ಲಿ ನಿಲ್ಲಬೇಕು ಅಂತ ಇಷ್ಟು ದಿನ ಇಲ್ಲಿ ಕೂತು ದುಡಿಯುತ್ತಿದ್ದಳು. ಈಗ ನನ್ನ ವಯಸ್ಸಿನ ಬಾಯಿ ನೋಡಿ, ಆ ದಿನ ಬರುವುದೇ ಇಲ್ಲ ಅಂತ ಅವಳಿಗೆ ಗೊತ್ತಾಯಿತು. ಡಾಕ್ಟರು ತೆಗೆಯುತ್ತಾರೆ, ದೊಡ್ಡವಳಾದ ಮೇಲೆ ಸರಿಹೋಗುತ್ತದೆ, ಏನು ಬೇಕಾದರೂ ಹೇಳಬಹುದಿತ್ತು. ಮಂದೆ ಹೊರಡುವ ಮೊದಲು ಅವಳನ್ನು ಶಾಲೆಗೆ ಮುಟ್ಟಿಸಲು ಅಷ್ಟು ಸಾಕಿತ್ತು.

"ತಿಕ್ಕಿದ್ರೆ ಹೋಗಲ್ಲ" ಅಂದೆ. "ನಂಗೆ ಹೋಗ್ಲಿಲ್ಲ."

ಅವಳು ವೇಲಿನಲ್ಲಿ ಮುಖ ಹುದುಗಿಸಿ ಅತ್ತಳು. "ಕರ್ಕಂಡ್ ಹೋಗಾಕೆ ಬಂದ್ರೋ ಅಳ್ಸಾಕೆ ಬಂದ್ರೋ ಮೇಡಮ್ಮಾರೆ?" ಅಂತ ಅಜ್ಜಿ ರೇಗಿದಳು. ಮುಖ್ಯ ಶಿಕ್ಷಕಿ ನೆಲದ ಮೇಲೇ ಕೂತು, ಬೂದಿ ಮೆತ್ತಿದ ಆ ಕೈ ಹಿಡಿದುಕೊಂಡರು. "ನಂಗೆ ಗೊತ್ತಿರಲಿಲ್ಲ ಪುಟ್ಟ. ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದು. ಸ್ಟಾರ್ ಎಲ್ಲ ತೆಗೆದುಬಿಟ್ಟಿದೀನಿ" ಅಂದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ನನ್ನನ್ನು ಕೇಳಿದಳು, "ಈ ಹಲ್ಲು ಇಟ್ಕಂಡು ನಿಮ್ಗೆ ಕೆಲ್ಸ ಕೊಟ್ರಾ?"

"ಕೊಟ್ರು. ಪರೀಕ್ಷೆ ಬರೆದೆ, ಕೊಟ್ರು. ಪರೀಕ್ಷೆ ಕೈಯಲ್ಲಲ್ವೇನೇ ಬರಿಯೋದು?"

ಮೂಗು ಒರೆಸಿಕೊಂಡಳು. ಎದ್ದು ಕೈ ತೊಳೆದು ಒಳಗೆ ಹೋದಳು. ಮುಗಿಯಿತು, ಸತ್ಯ ಹೇಳಿ ಕೆಡಿಸಿದೆ ಅಂದುಕೊಂಡೆ. ಮುಖ್ಯ ಶಿಕ್ಷಕಿ ನನ್ನ ಮುಖ ನೋಡಲಿಲ್ಲ. ಅಷ್ಟರಲ್ಲಿ ಅವಳು ಹೊರಗೆ ಬಂದಳು, ಹೆಗಲಿಗೆ ಸ್ಕೂಲ್ ಬ್ಯಾಗು. ವೇಲು ಇನ್ನೂ ಮೂಗಿನ ಮೇಲೇ ಇತ್ತು.

"ಶಾಲೆ ಬಿಟ್ಟು ಆಗಲೇ ಹೊತ್ತಾಯ್ತಲ್ಲೇ" ಅಂದರು ಮುಖ್ಯ ಶಿಕ್ಷಕಿ, ಬಾಯಿತಪ್ಪಿ.

ಹುಡುಗಿ ನಿಂತುಬಿಟ್ಟಳು. ಬ್ಯಾಗಿನ ಪಟ್ಟಿ ಹಿಡಿದಿದ್ದ ಕೈ ಸಡಿಲವಾಯಿತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಮುಖ್ಯ ಶಿಕ್ಷಕಿಯೇ ಸೀರೆಯ ಮಣ್ಣು ಕೊಡವುತ್ತಾ ಎದ್ದರು.

"ಬಿಟ್ಟರೆ ಏನಾಯ್ತು? ಬೀಗದ ಕೈ ನನ್ನ ಹತ್ರಾನೇ ಇದೆ. ಬಾ, ತೆಗೆಯೋಣ. ಭಿನ್ನರಾಶಿಯಿಂದ ಶುರು ಮಾಡಬೇಕು, ನೀನು ಬಿಟ್ಟದ್ದು ಅಲ್ಲಿಂದ."

"ಅದು ನಂಗೆ ಬರ್ತೈತೆ ಮಿಸ್" ಅಂದಳು ಹುಡುಗಿ.

"ಬಂದರೆ ಮಾಡಿ ತೋರಿಸು."

ಇಬ್ಬರೂ ದಿಬ್ಬ ಇಳಿದು ಶಾಲೆಯ ಕಡೆ ಹೊರಟರು. ನನ್ನ ಬಸ್ಸು ಬರುವ ದಾರಿ ಇನ್ನೊಂದು ಕಡೆ. ಅವರಿಗೆ ನಾನು ಜೊತೆಗಿದ್ದದ್ದೇ ಮರೆತಿತ್ತು. ನಮ್ಮ ಕೆಲಸ ನೆಟ್ಟಗೆ ನಡೆದರೆ ಹಾಗೇ ಆಗುವುದು, ಆಗಬೇಕಾದ್ದೂ ಹಾಗೇ. ಆದರೂ ಒಂದು ಸಲ ಯಾರಾದರೂ ತಿರುಗಿ ನೋಡುತ್ತಾರೇನೋ ಅಂತ, ಅವರು ಗೇಟು ತೆರೆದು ಒಳಗೆ ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ.